ಹೊಳೆಯಾಚೆ ಹುಟ್ಟಿದ ಸೆಂಟರ್ ಫಾರ್ವರ್ಡ್

ಗಂಗಾವತಿಯ ಮೈದಾನದಲ್ಲಿ, ಆಟ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ನನ್ನ ಸ್ವಂತ ಅಣ್ಣ ಪರದೇಶಿಯಾದ.

ಬೆಳಿಗ್ಗೆ ಕೊಪ್ಪಳದಲ್ಲಿ ನಮ್ಮ ಜೊತೆ ರೊಟ್ಟಿ ತಿಂದು ಇದ್ದಿಲ ಗ್ಯಾಸಿನ ಬಸ್ಸು ಹತ್ತಿದವನು. ನಮ್ಮಪ್ಪನ ಹಿರಿಯ ಮಗ. ನಮ್ಮಜ್ಜನನ್ನು ಹೂಳಿದ ಜಾಗ ಕೊಪ್ಪಳದ ಗುಡ್ಡದ ಕೆಳಗೆ ಇದೆ, ಯಾರು ಬೇಕಾದರೂ ನೋಡಬಹುದು. ಮಧ್ಯಾಹ್ನದ ಹೊತ್ತಿಗೆ ಇಂಥವನು ಪರದೇಶಿ! ಅವನು ಎಲ್ಲಿಗೂ ಹೋಗಿರಲಿಲ್ಲ. ಕೂತಲ್ಲೇ ಕೂತು ಬೂಟಿನ ಲೇಸು ಕಟ್ಟುತ್ತಿದ್ದ.

ಯಾರು ಮಾಡಿದರು? ನಮ್ಮೂರಲ್ಲಿ ಎಲ್ಲರೂ ಯಲಬುರ್ಗಾದವರ ಹೆಸರು ಹೇಳುತ್ತಾರೆ. ಅದನ್ನೇ ನಂಬಿ ಮೊನ್ನೆ ಹತ್ತಿ ಗಾಡಿ ತಂದ ಯಲಬುರ್ಗಾದವನೊಬ್ಬನ ತಲೆಯ ಪಟಗ ಕಿತ್ತು ಒಗೆದರು.

ಪಾಪ, ಅವರಲ್ಲ. ಮಾಡಿದವನು ನಾನು. ಅದನ್ನು ಹೇಳುವುದಕ್ಕೇ ಈ ವಾರದ ಬರಹ. (ಕಾಗುಣಿತದ ತಪ್ಪುಗಳನ್ನು ಎಂದಿನಂತೆ ಸಂಪಾದಕರು ತಿದ್ದುತ್ತಾರೆ. ಉಳಿದ ತಪ್ಪು ನನ್ನದು.)

ಮೊದಲು ನಮ್ಮ ಕ್ಲಬ್ಬಿನ ಸಂಗತಿ.

ನಮ್ಮದು ದೊಡ್ಡ ಕ್ಲಬ್ಬಲ್ಲ. ದೊಡ್ಡ ಟೀಮುಗಳೆಲ್ಲ ಹೈದರಾಬಾದಿನಲ್ಲಿವೆ. ಅವರ ಕೆಳಗೆ ರಾಯಚೂರಿನವರು. ಅವರ ಕೆಳಗೆ ತಾಲೂಕಿನವರು. ಆ ತಾಲೂಕಿನವರಲ್ಲೂ ತೀರ ಕೆಳಗೆ ಹುಡುಕಿದರೆ ನಾವು ಸಿಗುತ್ತೇವೆ. ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಆಡುತ್ತೇವೆ. ಬೂಟು ಇದ್ದವರು ನಾಲ್ಕೈದು ಮಂದಿ, ಉಳಿದವರು ಬರಿಗಾಲು. ಚೆಂಡು ಒಂದೇ. ಯುದ್ಧ ಶುರುವಾದ ಮೇಲೆ ಅದರೊಳಗಿನ ಬ್ಲ್ಯಾಡರ್ ಹೊಸದು ಸಿಗುತ್ತಿಲ್ಲ; ಹಳೆಯದಕ್ಕೇ ಪಂಕ್ಚರ್ ಹಾಕಬೇಕು. ನನ್ನದು ಸೈಕಲ್ ಅಂಗಡಿ. ನಾನು ಕ್ಲಬ್ಬಿನೊಳಗೆ ಬಂದದ್ದು ಹಾಗೆ. (ಈಗ ಆ ಬ್ಲ್ಯಾಡರಿನಲ್ಲಿ ರಬ್ಬರಿಗಿಂತ ತೇಪೆಯೇ ಜಾಸ್ತಿ.)

ಆದರೆ ಟೀಮು ನೋಡಿದರೆ ಅರ್ಧ ಜಗತ್ತೇ ಅಲ್ಲಿತ್ತು. ರೈಲು ನಿಲ್ಲುವ ಊರಿನ ಭಾಗ್ಯ ಇದು. ಗೋಲ್‌ಕೀಪರ್ ಪೆದ್ರು, ರೈಲ್ವೆ ಸಾಹೇಬರ ಬಂಗಲೆಯ ಅಡಿಗೆಯವನು. ಗೋವೆಯವನು, ಅಂದರೆ ಪೋರ್ತುಗೀಜರ ಪ್ರಜೆ. ಹಾಫ್‌ಬ್ಯಾಕ್ ವೆಂಕಟರಾವ್, ಗೂಡ್ಸ್ ಆಫೀಸಿನ ಗುಮಾಸ್ತ. ಗುಂತಕಲ್ಲಿನವನು, ಇಂಗ್ಲಿಷರ ಪ್ರಜೆ. ಕ್ಯಾಪ್ಟನ್ ಉಮರ್ ಅರಬರವನು. ಅವನ ಮುತ್ತಜ್ಜ ಸಮುದ್ರ ದಾಟಿ ಬಂದು ಕೊಪ್ಪಳದ ಕೋಟೆಯ ಕಾವಲಿಗೆ ನಿಂತವನಂತೆ. ಉಮರನ ಎತ್ತರ, ಬಣ್ಣ, ಮೂಗು ಎಲ್ಲ ಆ ಕಡೆಯವೇ. ಬಾಯಿ ತೆರೆದರೆ ಮಾತ್ರ ನಮ್ಮ ಸಂತೆಪೇಟೆ.

ಉಳಿದವರೆಲ್ಲ ನಮ್ಮವರು. ಹಾಗೆಂದು ತಿಳಿದಿದ್ದೆವು.

ಸೆಂಟರ್ ಫಾರ್ವರ್ಡ್ ನನ್ನ ಅಣ್ಣ ಬಸಪ್ಪ. ಹತ್ತಿ ಜಿನ್ನಿನಲ್ಲಿ ಕೆಲಸ. ಮಾತು ಕಡಿಮೆ, ಓದು ಇಲ್ಲ. ಆದರೆ ಚೆಂಡು ಅವನ ಕಾಲಿಗೆ ಬಂತೆಂದರೆ ಸಾಕಿದ ನಾಯಿಯ ಹಾಗೆ ಹಿಂದೆ ಹಿಂದೆ ಹೋಗುತ್ತಿತ್ತು.

ನಾನು ಎಕ್ಸ್‌ಟ್ರಾ. ಯಾರಿಗಾದರೂ ಜ್ವರ ಬಂದರೆ ಆಡುವವನು. ಮೂರು ಟೂರ್ನಮೆಂಟ್ ಹೋದವು, ಯಾರಿಗೂ ಜ್ವರ ಬರಲಿಲ್ಲ. ಎಂಥ ಗಟ್ಟಿ ಜನ! ನಾನು ನೀರು ಕೊಟ್ಟೆ, ಲಿಂಬೆಹಣ್ಣು ಹೆಚ್ಚಿದೆ, ಚೆಂಡಿಗೆ ಗಾಳಿ ಹಾಕಿದೆ. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕೂತಿದ್ದರಿಂದ ಕಚೇರಿಯವರ ಜೊತೆ ಮಾತಾಡುವ ಕೆಲಸವೂ ನನ್ನದೇ. (ಉಮರನಿಗೆ ಉರ್ದು ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ಅವನು ಅಧಿಕಾರಿಗಳ ಮುಂದೆ ಬಾಯಿ ತೆರೆದರೆ ಅದು ಜಗಳದಲ್ಲೇ ಮುಗಿಯುತ್ತದೆ.)

ಗಂಗಾವತಿಯ ಟೂರ್ನಮೆಂಟಿನವರು ಈ ಸಲ ಹೊಸ ರೂಲು ತಂದಿದ್ದರು. ಹೈದರಾಬಾದ್ ಸೀಮೆಯ ಹೊರಗೆ ಹುಟ್ಟಿದವರು ಒಂದು ಟೀಮಿನಲ್ಲಿ ಇಬ್ಬರಿಗಿಂತ ಹೆಚ್ಚು ಇರಕೂಡದು. ಅಂಥವರಿಗೆ ಉರ್ದುವಿನಲ್ಲಿ ‘ಗೈರ್ ಮುಲ್ಕಿ’ ಎನ್ನುತ್ತಾರೆ, ಈ ನಾಡಿನವರಲ್ಲ ಎಂದು. ನಮ್ಮ ಮಂದಿ ಅದನ್ನು ಕನ್ನಡಕ್ಕೆ ತಂದು ‘ಪರದೇಶಿ’ ಮಾಡಿದರು. ಕನ್ನಡದಲ್ಲಿ ಪರದೇಶಿ ಎಂದರೆ ಇನ್ನೊಂದು ಅರ್ಥವೂ ಇದೆಯಲ್ಲ? ಹೆತ್ತವರಿಲ್ಲದ, ದಿಕ್ಕಿಲ್ಲದ ಮನುಷ್ಯ. ಆ ಇನ್ನೊಂದು ಅರ್ಥ ಮುಂದೆ ನಮ್ಮ ಮನೆಯೊಳಗೇ ಬಂದು ಕೂತಿತು.

ನಮ್ಮ ಟೀಮಿನಲ್ಲಿ ಪೆದ್ರು, ವೆಂಕಟರಾವ್. ಸರಿಯಾಗಿ ಇಬ್ಬರು. ಚಿಂತೆಯಿಲ್ಲ ಎಂದುಕೊಂಡೆವು.

ಮೊದಲ ಆಟವೇ ಯಲಬುರ್ಗಾದವರ ಮೇಲೆ. ಅವರ ಕ್ಯಾಪ್ಟನ್ ಗೌಡರ ಹುಡುಗ ಉಮರನನ್ನು ನೋಡಿದ್ದೇ ತಡ, ಟೂರ್ನಮೆಂಟಿನ ಕಾಗದಪತ್ರ ನೋಡುತ್ತಿದ್ದ ಕಚೇರಿಯ ಪೇಶಕಾರರ ಹತ್ತಿರ ಓಡಿದ.

“ಇವರ ಟೀಮಿನ್ಯಾಗ ಮೂರು ಮಂದಿ ಪರದೇಶಿಗಳದಾರ್ರಿ ಸಾಹೇಬ್ರ! ಆ ಉದ್ದಾನ್ನ ಅರಬನ್ನ ನೋಡ್ರಿ, ಈಗ ಒಂಟಿ ಮ್ಯಾಲಿಂದ ಇಳದಂಗ ಅದಾನ.”

ಉಮರ್ ಸುಮ್ಮನಿರುವವನೇ?

“ಯಾವ ಒಂಟಿಲೇ ಗೌಡಾ? ನಮ್ಮಜ್ಜ ಕೊಪ್ಪಳದ ಕ್ವಾಟಿ ಕಾಯೂ ಹೊತ್ತಿನ್ಯಾಗ ನಿಮ್ಮಜ್ಜ ಎಮ್ಮಿ ಕಾಯಾಕತ್ತಿದ್ದ!”

ಮೈದಾನವೆಲ್ಲ ನಕ್ಕಿತು. ಗೌಡರ ಹುಡುಗನೂ ನಕ್ಕ. ಪೇಶಕಾರರು ಉಮರನನ್ನು ಎರಡು ಮಾತು ಕೇಳಿದರು, ಮುಲ್ಕಿ ಎಂದು ಒಪ್ಪಿದರು. ಯಲಬುರ್ಗಾದವರು ಮಾಡಿದ್ದು ಇಷ್ಟೇ. ಇದರಾಚೆ ಅವರು ಒಂದು ಶಬ್ದ ಆಡಲಿಲ್ಲ. ದಯವಿಟ್ಟು ನಮ್ಮೂರಿನವರು ಇದನ್ನು ಎರಡು ಸಲ ಓದಬೇಕು.

ಆದರೆ ಪೇಶಕಾರರಿಗೆ ಸಂಶಯ ಹತ್ತಿತು. ಇಡೀ ಟೀಮಿನ ಹುಟ್ಟೂರು ಕೇಳಿಯೇಬಿಡುತ್ತೇನೆ ಎಂದರು. ಹುಡುಗರು ಬಯಲಿನಲ್ಲಿ ಚೆಂಡು ಒದೆಯುತ್ತಿದ್ದರು. ಡೇರೆಯೊಳಗೆ ಕರೆದದ್ದು ನನ್ನೊಬ್ಬನನ್ನು.

ಅವರು ಹೆಸರು ಕೂಗುವುದು, ನಾನು ಊರು ಹೇಳುವುದು.

“ಖಾಜಾ?”

“ಕೊಪ್ಪಳ.”

“ಹನುಮಂತ?”

“ಕೊಪ್ಪಳ.”

ಹೀಗೆ ನಡೆಯಿತು. ಅವರಲ್ಲಿ ಒಬ್ಬ ಹುಡುಗ ಹೊಳೆಯಾಚೆಯ ಹೊಸಪೇಟೆಯಲ್ಲಿ ಹುಟ್ಟಿದ್ದು ನನಗೆ ಗೊತ್ತಿತ್ತು. ಆದರೂ ಕೊಪ್ಪಳ ಎಂದೆ. ನಾಲಿಗೆ ತಡವರಿಸಲಿಲ್ಲ. (ಯಾರೆಂದು ಬರೆಯುವುದಿಲ್ಲ. ಅಷ್ಟು ಬುದ್ಧಿ ಈಗ ಬಂದಿದೆ.)

“ಬಸಪ್ಪ? ಕಹಾಂ ಪೈದಾ ಹುವಾ?”

ಎಲ್ಲಿ ಹುಟ್ಟಿದ?

ಓದುಗರೇ, ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮವ್ವನ ತವರು ಕಂಪ್ಲಿ. ಗಂಗಾವತಿಯಿಂದ ಹೊರಟರೆ ನಮ್ಮ ಕೊಪ್ಪಳಕ್ಕಿಂತ ಕಂಪ್ಲಿಯೇ ಹತ್ತಿರ. ಆದರೆ ನಡುವೆ ತುಂಗಭದ್ರೆ ಇದ್ದಾಳೆ. ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ಲಿಷರದು. ಅವ್ವ ಮೊದಲನೇ ಬಾಣಂತನಕ್ಕೆ ಹರಿಗೋಲು ಹತ್ತಿ ತವರಿಗೆ ಹೋದಳು. ಅಣ್ಣ ಅಲ್ಲಿ ಹುಟ್ಟಿದ. ಎರಡನೇ ಸಲವೂ ಹೊರಟಿದ್ದಳಂತೆ. ಹೊಳೆ ತುಂಬಿ ಬಂದು ಅಂಬಿಗರು ಹರಿಗೋಲು ಹಾಕಲಿಲ್ಲ. ಹೀಗಾಗಿ ನಾನು ಕೊಪ್ಪಳದಲ್ಲಿ ಹುಟ್ಟಿದೆ. ನಾನು ಮುಲ್ಕಿಯಾದದ್ದು ನನ್ನ ಯೋಗ್ಯತೆಯಿಂದಲ್ಲ, ಮಳೆಗಾಲದಿಂದ.

ಹಾಗೆ ನೋಡಿದರೆ ಹೊಳೆಯಾಚೆಯ ಸೊಸೆಯಂದಿರು ಇರುವ ಮನೆಗಳಲ್ಲೆಲ್ಲ ಹಿರಿಯ ಮಗ ಪರದೇಶಿ, ಕಿರಿಯರು ಮುಲ್ಕಿ! ಯಾವ ಪುಣ್ಯಾತ್ಮ ಈ ರೂಲು ಬರೆದನೋ, ಅವನ ಮನೆಯಲ್ಲಿ ಬಾಣಂತನ ಯಾರು ಮಾಡಿದರೋ.

ಪೇಶಕಾರರು ಕಾಯುತ್ತಿದ್ದರು. ಕೊಪ್ಪಳ ಎಂದರೆ ಮುಗಿಯುತ್ತಿತ್ತು.

ನಾನು “ಕಂಪ್ಲಿ” ಎಂದೆ.

ಬಾಯಿ ತಪ್ಪಿತೇ? ಇಲ್ಲ. ಅಣ್ಣನ ಮೇಲೆ ಸಿಟ್ಟಿತ್ತೇ? ಅದೂ ಇಲ್ಲ. ನನಗೆ ಆಡಬೇಕಾಗಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಬರೆಯೋಣವೆಂದು ರಾತ್ರಿಯೆಲ್ಲ ಕೂತೆ. ಸಿಗಲಿಲ್ಲ.

“ಕಂಪ್ಲಿ? ಅದು ಅಂಗ್ರೇಜರ ಸೀಮೆಯಲ್ಲವೇ?” ಎಂದು ಅವರು ಉರ್ದುವಿನಲ್ಲಿ ಕೇಳಿದರು.

“ಜೀ ಹಾಂ” ಎಂದೆ.

ನಾನು ಸುಳ್ಳು ಹೇಳಲಿಲ್ಲ ನೋಡಿ. ಆ ಡೇರೆಯಲ್ಲಿ ನಾನು ಹೇಳಿದ ನಿಜಗಳಲ್ಲಿ ಅದೂ ಒಂದು. ಮನುಷ್ಯ ನಿಜ ಹೇಳಿ ಕೂಡ ಕಳ್ಳನಾಗಬಹುದು ಎಂದು ಶಾಲೆಯಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. (ಐದನೇ ಇಯತ್ತೆಯಲ್ಲಿ ಕಲಿಸುತ್ತಾರೋ ಏನೋ.)

ಪೇಶಕಾರರು ಹೊರಗೆ ಬಂದು ಹುಕುಂ ಹೇಳಿದರು. ಮೂವರು ಗೈರ್ ಮುಲ್ಕಿ. ಒಬ್ಬ ಹೊರಗೆ ಕೂಡಬೇಕು.

ಉಮರ್ ಹಾರಾಡಿದ. “ಬಸಣ್ಣ ಪರದೇಶಿ, ನಾ ಮುಲ್ಕಿ! ಏನ್ ಚಂದರಿ ನಿಮ್ಮ ಕಾನೂನಾ! ನಮ್ಮ ಮಂದೀನ ಕೇಳ್ರಿ ಬೇಕಾದ್ರ, ಅವರೂ ನಗ್ತಾರ!”

ಅಣ್ಣನೇ ಅವನನ್ನು ತಡೆದ. “ಬಿಡೋ ಉಮರ್. ಪೆದ್ರು ಕುಂತ್ರ ಗೋಲ್ ಯಾರ್ ಕಾಯ್ತಾರ? ವೆಂಕಟರಾವ್ ರಜಾ ಹಾಕಿ ಬಂದಾನ. ನಾ ಕುಂದರ್ತೀನಿ. ತಮ್ಮ ಆಡ್ಲಿ.”

ಹೀಗೆಂದು ಬೂಟು ಬಿಚ್ಚಿದ. ತನ್ನ ಬೂಟು. ನನ್ನ ಮುಂದೆ ಮೊಣಕಾಲೂರಿ ಕೂತು ನನ್ನ ಕಾಲಿಗೆ ತೊಡಿಸಿದ. ದೊಡ್ಡದಾಯಿತು. ತನ್ನ ಟವೆಲ್ಲಿನ ಅಂಚು ಹರಿದು ಮುಂದಕ್ಕೆ ತುರುಕಿದ. ಲೇಸು ಬಿಗಿಯುತ್ತ ಕೆಳದನಿಯಲ್ಲಿ ಕೇಳಿದ.

“ಅವರಿಗೆ ಯಾರ್ ಹೇಳಿದ್ರಲೇ ತಮ್ಮಾ?”

ಈಗಲಾದರೂ ಹೇಳಬಹುದಿತ್ತಲ್ಲವೇ? ನನ್ನ ಕಾಲು ಅವನ ಕೈಯಲ್ಲಿತ್ತು.

“ಯಾರ್ ಹೇಳಬೇಕಣ್ಣಾ? ಸರಕಾರಕ್ಕ ಎಲ್ಲಾ ಗೊತ್ತಿರ್ತೈತಿ.”

“ಎಲ್ಲಾರದ್ದೂ?”

“ಎಲ್ಲಾರದ್ದೂ. ಯಾರು ಎಲ್ಲಿ ಹುಟ್ಯಾರ, ಎಲ್ಲಾ.”

ಅಣ್ಣ ಲೇಸಿನ ಗಂಟು ಹಾಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಂಬಿದ. ನಾನು ನಾಲ್ಕು ಇಯತ್ತೆ ಕಲಿತವನು, ಅವನು ಶಾಲೆಯ ಕಟ್ಟೆ ಹತ್ತಿದವನಲ್ಲ. ನಮ್ಮ ಮನೆಯಲ್ಲಿ ಸರಕಾರದ ವಿಷಯಕ್ಕೆ ನನ್ನ ಮಾತೇ ಕೊನೆ. ಇದು ನಾನು ಹೇಳಿದ ಸುಳ್ಳು. ಮುಂದಿನ ಅನಾಹುತವೆಲ್ಲ ಆ ನಿಜದಿಂದಲ್ಲ, ಈ ಸುಳ್ಳಿನಿಂದ ಆಯಿತು.

ಆಟದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಕುಷ್ಟಗಿಯ ಡ್ರಿಲ್ ಮಾಸ್ತರರು ರೆಫರಿ. ಬಹಳ ಹೊತ್ತು ಯಾರದೂ ಗೋಲಿಲ್ಲ. ಆಮೇಲೆ ವೆಂಕಟರಾವ್ ಒಂದು ಕಾರ್ನರ್ ಎತ್ತಿದ. ಯಲಬುರ್ಗಾದ ಕೀಪರ್ ಜಾರಿ ಬಿದ್ದ. ಚೆಂಡು ನನ್ನ ಮುಂದೆ, ಅದರ ಮುಂದೆ ಖಾಲಿ ಗೋಲು. ಆ ಕ್ಷಣಕ್ಕಾಗಿ ನಾನು ಅಣ್ಣನನ್ನು ಮಾರಿದ್ದೆ.

ಒದ್ದೆ. ಚೆಂಡು ಗೋಲಿನ ಬಿದಿರಿನ ಮೇಲಿಂದ ಹಾರಿ ಹಿಂದಿನ ಗದ್ದೆಗೆ ಬಿತ್ತು. ಬೂಟೂ ಅದರ ಹಿಂದೆಯೇ ಹೋಯಿತು.

ಆಮೇಲೆ ಅವರು ಒಂದು ಗೋಲು ಹೊಡೆದರು, ಸೋತೆವು. ಅಣ್ಣ ಗದ್ದೆಗಿಳಿದು ಬೂಟು ತಂದ. “ಇರ್ಲಿ ಬಿಡು. ಬೂಟು ದೊಡ್ಡವಿದ್ದುವು” ಎಂದ. ಅವನು ಬೈದಿದ್ದರೆ ನನಗೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಊರಿಗೆ ಬಂದ ಮೇಲೆ ಜನ ಸುಮ್ಮನಿದ್ದರೇ? ಜಿನ್ನಿನಲ್ಲಿ, ಹೋಟೆಲಿನಲ್ಲಿ, ಎಲ್ಲೆಂದರಲ್ಲಿ “ಏನ್ ಪರದೇಶಿ ಬಸಣ್ಣ, ಚಾ ಕುಡೀತಿಯೇನು?” ಚೇಷ್ಟೆಗೇ ಅಂದದ್ದು. ಆದರೆ ಒಬ್ಬಳು ಕಾಯಿಪಲ್ಯ ಮಾರುವವಳು ನನ್ನ ಅಂಗಡಿಯ ಮುಂದೆ ನಮ್ಮವ್ವನ ಎದುರಿಗೇ ಅಂದಳು. ಅವ್ವನಿಗೆ ಫುಟ್‌ಬಾಲ್ ಗೊತ್ತಿಲ್ಲ, ಗೈರ್ ಮುಲ್ಕಿ ಗೊತ್ತಿಲ್ಲ. ಪರದೇಶಿ ಗೊತ್ತು. ಬುಟ್ಟಿ ಅಲ್ಲೇ ಕುಕ್ಕಿದಳು.

“ಹಡದಾಕಿ ನಾ ಇನ್ನೂ ಜೀವಂತ ಅದೀನಿ. ಅಪ್ಪ ಅದಾನ. ನನ್ನ ಮಗ ಹ್ಯಾಂಗ ಪರದೇಶಿ ಆದಾನು? ಯಾರಂದಾರ, ಕರಿ ಅವನ್ನ!”

ನಾನು ಅಂಗಡಿಯೊಳಗೆ ಚಕ್ರದ ಕಡ್ಡಿ ಬಿಗಿಯುತ್ತಿದ್ದೆ. ಬಿಗಿಯುತ್ತಲೇ ಇದ್ದೆ.

ಇಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. ಎಲ್ಲರೂ ಮರೆಯುತ್ತಿದ್ದರು, ನಾನೂ ಮರೆತಂತೆ ಇರುತ್ತಿದ್ದೆ. ಆದರೆ ಅತ್ತಿಗೆಗೆ ಈಗ ದಿನ ತುಂಬುತ್ತ ಬಂದಿವೆ. ಚೊಚ್ಚಲು. ಅತ್ತಿಗೆ ಬೇರೆ ಯಾರೂ ಅಲ್ಲ, ಕಂಪ್ಲಿಯ ನಮ್ಮ ಸೋದರಮಾವನ ಮಗಳು ಗೌರಮ್ಮ. ಅಣ್ಣ ಹುಟ್ಟಿದ ಮನೆಯಲ್ಲೇ ಅವಳೂ ಹುಟ್ಟಿ ಬೆಳೆದವಳು. ಕುಬಸ ಮಾಡಿ ಕರೆದುಕೊಂಡು ಹೋಗಲು ಹೋದ ವಾರ ಮಾವ, ಅತ್ತೆ ಇಬ್ಬರೂ ಬಂದರು. ಹಸಿರು ಸೀರೆ ಉಡಿಸಿದ್ದಾಯಿತು, ಉಡಿ ತುಂಬಿದ್ದಾಯಿತು. ಗಾಡಿ ಬಾಗಿಲಿಗೆ ಬಂದು ನಿಂತಿತು.

ಅಣ್ಣ “ಕಳಸೂದಿಲ್ಲ” ಎಂದ.

ಮಾವ ಮೊದಲು ನಕ್ಕರು. “ಅಳಿಯಾ, ಹೆಂಡ್ತೀನ ಬಿಟ್ಟಿರಾಕ ಆಗೂದಿಲ್ಲೇನೋ? ನೀನೂ ಬಾ, ಒಂದು ಮೂಲ್ಯಾಗ ಬಿದ್ದಿರುವಂತಿ.”

“ಚ್ಯಾಷ್ಟಿ ಅಲ್ಲ ಮಾವಾ. ಕೂಸು ಇಲ್ಲೇ ಹುಟ್ಟಬೇಕು. ಹೊಳಿ ದಾಟಿದ್ರ ಅದು ಪರದೇಶಿ ಆಗ್ತೈತಿ. ಸರಕಾರಕ್ಕ ಎಲ್ಲಾ ಗೊತ್ತಿರ್ತೈತಂತ. ಇವತ್ತು ನನಗ ಚೆಂಡು ಒದಿಯಾಕ ಬಿಡಲಿಲ್ಲ. ನಾಳಿ ನನ್ನ ಮಗನಿಗೆ ಏನ್ ಏನ್ ಬಿಡೂದಿಲ್ಲೋ.”

ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಅಷ್ಟೇ ಆಗಿದ್ದರೆ ಸಾವಕಾಶವಾಗಿ ತಿಳಿಹೇಳಬಹುದಿತ್ತು. ಅವನು ಒಳಗೆ ಹೋಗಿ ಒಂದು ತೊಟ್ಟಿಲು ಹೊತ್ತು ತಂದು ನಡುಮನೆಯಲ್ಲಿಟ್ಟ. ಕಿನ್ನಾಳದಲ್ಲಿ ಮಾಡಿಸಿದ್ದು. ಕೆಂಪು, ಹಳದಿ ಬಣ್ಣ, ನಾಲ್ಕು ಮೂಲೆಗೆ ಗಿಳಿ. ಚೆಂದವಿತ್ತು. ಆದರೆ ಚೊಚ್ಚಲ ಕೂಸಿನ ತೊಟ್ಟಿಲು ತವರಿನವರು ಕೊಡಬೇಕು, ಅದೂ ಕೂಸು ಹುಟ್ಟಿದ ಮೇಲೆ. ಅದನ್ನು ಕಂಡು ಅತ್ತೆ ಸೆರಗು ಬಾಯಿಗೆ ಹಿಡಿದರು. ಮಾವನ ನಗೆ ಹೋಯಿತು.

“ತೊಟ್ಲಾ ಕೊಡೂವಷ್ಟು ಗತಿ ನಮಗಿಲ್ಲಂತ ತಿಳದೇನೋ ಬಸಪ್ಪಾ?”

ಅವ್ವ ಮಗನನ್ನು ನೋಡಿದಳು. “ನಾ ತವರಮನಿಗೆ ಹೋಗಿ ನಿನ್ನ ಹಡದದ್ದು ತಪ್ಪಾತೇನೋ?” ಎಂದಳು.  ಅವ್ವ ಅವನ ಜೊತೆ ಮಾತು ಬಿಟ್ಟಳು. ಗಾಡಿ ಖಾಲಿ ಹೋಯಿತು. ಅತ್ತಿಗೆ ಹಸಿರು ಸೀರೆಯಲ್ಲೇ ಒಲೆಯ ಮುಂದೆ ಕೂತು ಅತ್ತಳು. ಹೊಗೆಯೆಂದು ಹೇಳಿದಳು. ಒಲೆ ಹೊತ್ತಿರಲಿಲ್ಲ.

ನನ್ನ ಒಂದು ಶಬ್ದ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಆಟಕ್ಕಾಗಿ ಆಡಿದ ಮಾತು ಬಸುರಿಯ ಒಲೆಯ ಮುಂದೆ ಬಂದು ಕೂತಿತು. ಇನ್ನು ತಡೆಯಲಾಗಲಿಲ್ಲ.

ಮರುದಿನ ಅಣ್ಣ ಸೈಕಲ್ಲಿಗೆ ಗಾಳಿ ಹಾಕಿಸಲು ಅಂಗಡಿಗೆ ಬಂದ. ನಾನು ಪಂಪು ಕೆಳಗಿಟ್ಟೆ.

“ಅಣ್ಣಾ, ಸರಕಾರಕ್ಕ ಏನೂ ಗೊತ್ತಿದ್ದಿಲ್ಲ. ಡೇರೆದಾಗ ನಾನಽ ಹೇಳಿದೆ.”

“ಏನ್ ಹೇಳಿದಿ?”

“ನೀ ಕಂಪ್ಲ್ಯಾಗ ಹುಟ್ಟಿದ್ದು.”

“ಕೇಳಿದ್ರ ಹೇಳಿದಿ. ಅದರಾಗೇನೈತಿ?”

“ಉಳದಾವ್ರಿಗೆಲ್ಲಾ ಕೊಪ್ಪಳ ಅಂದೆ. ನಿನಗಷ್ಟಽ ಕಂಪ್ಲಿ ಅಂದೆ. ನಾ ಆಡಬೇಕಿತ್ತು.”

ಅಣ್ಣ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅನಿಸಿತು. ಅವನು ಕೇಳಿದ್ದೇ ಬೇರೆ.

“ಅಷ್ಟೆಲ್ಲಾ ಮಾಡಿ ಒಳಗ ಹೋದಾಂವ, ಖಾಲಿ ಗೋಲ್ ಯಾಕ ಬಿಟ್ಟಿಲೇ?”

ನಾನು ಮತ್ತೆ ಪಂಪಿಗೆ ಕೈ ಹಾಕಿದೆ. 

ಅವನು ಗಾಳಿಯಿಲ್ಲದ ಸೈಕಲ್ಲನ್ನು ತಳ್ಳಿಕೊಂಡೇ ಹೋದ. ಸರಕಾರಕ್ಕೆ ಗೊತ್ತಿಲ್ಲವೆಂದ ಮೇಲೆ ಇನ್ನೇನು ಹೆದರಿಕೆ? ಹೋಗಿ ಗಾಡಿ ಗೊತ್ತುಮಾಡಿದ. ತೊಟ್ಟಿಲನ್ನು ಅಟ್ಟಕ್ಕೆ ಹಾಕಿದ. ಅವ್ವನ ಕಾಲು ಮುಟ್ಟಿದ. ಅವ್ವ ಅವನ ತಲೆಗೆ ಒಂದು ಬಿಟ್ಟು, ಆಮೇಲೆ ಬುತ್ತಿ ಕಟ್ಟಿಕೊಟ್ಟಳು. ಮರುದಿನ ಬೆಳಿಗ್ಗೆ ಅಣ್ಣ ತಾನೇ ಗಾಡಿಯ ಹಿಂದೆ ನಡೆದು ಅತ್ತಿಗೆಯನ್ನು ಕಂಪ್ಲಿಗೆ ಮುಟ್ಟಿಸಿ ಬಂದ. ಹೊಳೆಯ ಸುಂಕದ ನಾಕೆಯಲ್ಲಿ ಸಿಪಾಯಿಗಳು ಬುತ್ತಿ ಗಂಟನ್ನೂ ಬಿಚ್ಚಿ ನೋಡಿದರಂತೆ. ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲ ಕೇಳಿದರಂತೆ. ಅತ್ತಿಗೆಯ ಹೊಟ್ಟೆಯಲ್ಲಿದ್ದವರನ್ನು ಮಾತ್ರ ಯಾವ ಸರಕಾರದವರೆಂದು ಯಾರೂ ಕೇಳಲಿಲ್ಲವಂತೆ.

ಇಷ್ಟನ್ನೂ ಅವನು ಹೇಳಿದ್ದು ಅಪ್ಪನಿಗೆ. ನನ್ನ ಜೊತೆ ಮಾತಿಲ್ಲ. ಕ್ಲಬ್ಬಿನ ಚೆಂಡು ಈಗ ಉಮರನ ಮನೆಯಲ್ಲಿದೆ. ತೇಪೆ ಹಾಕಲು ಮಾತ್ರ ನನ್ನ ಅಂಗಡಿಗೆ ಬರುತ್ತದೆ.

ನಿನ್ನೆ ಒಂದು ಸಲ ಅಣ್ಣ ಅಂಗಡಿಯ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಎರಡೇ ಮಾತು ಹೇಳಿದ.

“ಯಲಬುರ್ಗಾದಾವ್ರ ಹೆಸರು ಕೆಡಿಸೀದಿ, ನೀನಽ ತೊಳಿಬೇಕು. ಆ ಪೇಪರ್ನ್ಯಾಗ ಬರಿ.”

“ಬರೀತೀನಣ್ಣಾ.”

“ಇನ್ನೊಂದು. ಕೂಸು ಎಲ್ಲಿ ಹುಟ್ಟಿತಂತ ಯಾರರೆ ಕೇಳಿದ್ರ, ನಾ ಹೇಳ್ತೀನಿ. ನೀ ಮಾತ್ರ ಬಾಯಿ ತಗೀಬ್ಯಾಡ.”

ಆಗಲಿ ಎಂದು ಮಾತು ಕೊಟ್ಟು ಬರೆಯಲು ಕೂತೆ. ಈಗ ನೀವೇ ಹೇಳಿ, ಕೂಸಿನ ಊರನ್ನೂ ನಿಮಗೆಲ್ಲ ಹೇಳಿಯೇಬಿಟ್ಟೆನಲ್ಲ?